ನೋಟಿಸಿನಲ್ಲಿ ಇಲ್ಲದ ಹೆಸರು

ದೀಪಾವಳಿ ಮುಗಿದ ವಾರ, ಪುಣೆಯ ಶಿವಾಜಿನಗರದ ನನ್ನ ಪುಟ್ಟ ಕಚೇರಿಗೆ ಧಾರವಾಡ ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಇಲ್ಲಿನ ಆಸ್ಪತ್ರೆಯೊಂದರಲ್ಲಿ 12 ವರ್ಷಗಳಿಂದ ನರ್ಸ್ ಆಗಿ ದುಡಿಯುತ್ತಿರುವವರು. ರಾತ್ರಿ ಪಾಳಿ ಮುಗಿಸಿ, ಮಗಳನ್ನು ಶಾಲೆಗೆ ಬಿಟ್ಟು, ನಿದ್ದೆ ಕೂಡ ಮಾಡದೆ ನೇರವಾಗಿ ನನ್ನಲ್ಲಿಗೆ ಬಂದಿದ್ದರು. ತಮ್ಮ ಸಂಕಟವನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದಾದ ವಕೀಲರು ಬೇಕೆಂದು ಪರಿಚಯದವರ ಬಳಿ ಕೇಳಿದಾಗ ಯಾರೋ ನನ್ನ ಹೆಸರು ಕೊಟ್ಟಿದ್ದರಂತೆ. ಅವರ ಗಂಡ ಪೂರ್ವ ಆಫ್ರಿಕಾದ ಒಂದು ದೇಶದವರು. ಓದಲೆಂದು ಪುಣೆಗೆ ಬಂದವರು, ಇವರನ್ನು ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿ ಮದುವೆಯಾಗಿ ಇಲ್ಲಿಯೇ ನೆಲೆನಿಂತಿದ್ದಾರೆ. ಆರು ವರ್ಷದ ಮಗಳಿದ್ದಾಳೆ. ವಿಷಯ ಇನ್ನೂ ತೀರ್ಮಾನವಾಗಿಲ್ಲದ್ದರಿಂದ ದೇಶದ ಹೆಸರನ್ನಾಗಲಿ, ಆ ಕಚೇರಿಯ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಇಷ್ಟನ್ನು ಬರೆಯುವುದಕ್ಕೂ ದಂಪತಿಗಳ ಒಪ್ಪಿಗೆ ಪಡೆದಿದ್ದೇನೆ.

ಅವರು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟದ್ದು ಅರ್ಧ ಪುಟವೂ ತುಂಬದ ಒಂದು ಕಾಗದ. ಮೊದಲೇ ಅಚ್ಚಾದ ನಮೂನೆ. ನಡುವೆ ಬಿಟ್ಟಿದ್ದ ಖಾಲಿ ಗೆರೆಗಳಲ್ಲಿ ಗಂಡನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ ಇಷ್ಟನ್ನು ನೀಲಿ ಶಾಯಿಯಲ್ಲಿ ತುಂಬಲಾಗಿತ್ತು. ವೀಸಾ ವಿಸ್ತರಣೆಯ ಕೋರಿಕೆಗೆ ಸಕ್ಷಮ ಪ್ರಾಧಿಕಾರದ ಒಪ್ಪಿಗೆ ದೊರೆತಿಲ್ಲವೆಂದೂ, 14 ದಿನಗಳೊಳಗೆ ದೇಶ ಬಿಡತಕ್ಕದ್ದೆಂದೂ ಎರಡು ವಾಕ್ಯ. ಕೆಳಗೆ ಒಂದು ಸಹಿ, ಒಂದು ಮೊಹರು. ಕಾರಣ ಎಂಬ ಪದವೇ ಎಲ್ಲಿಯೂ ಇರಲಿಲ್ಲ. ವಿದೇಶಿಯರಿಗೆ ಇಲ್ಲಿ ದೀರ್ಘಕಾಲ ಇರಲು ಅವಕಾಶ ಕೊಡುವ ಸಾಗರೋತ್ತರ ಭಾರತೀಯ ನಾಗರಿಕರ (ಒಸಿಐ) ಕಾರ್ಡಿಗಾಗಿ ಗಂಡ ಹಾಕಿದ್ದ ಅರ್ಜಿ ಏನಾಯಿತೆಂಬುದೂ ಅದರಲ್ಲಿ ಇರಲಿಲ್ಲ. ನಾನು ಓದಿ ಮುಗಿಸುವವರೆಗೂ ಸುಮ್ಮನೆ ಕುಳಿತಿದ್ದ ಅವರು ಕೊನೆಗೆ ಕೇಳಿದ್ದು ಒಂದೇ ಮಾತು: "ಅಕ್ಕಾರ, ಇದರಾಗ ನಮ್ಮ ಹುಡುಗಿ ಹೆಸರ ಇಲ್ಲಲ್ರಿ. ಆಕಿನ್ನ ಯಾರೂ ಲೆಕ್ಕಕ್ಕ ತಗೊಂಡಿಲ್ಲೇನ್ರಿ?"

20 ವರ್ಷ ವಕೀಲಿ ಮಾಡಿದ ನನಗೆ ಆ ಪ್ರಶ್ನೆಯಷ್ಟು ನೇರವಾಗಿ ಈ ಇಡೀ ಕಾನೂನಿನ ಗಂಟನ್ನು ಹಿಡಿದ ಇನ್ನೊಂದು ಮಾತು ಸಿಕ್ಕಿಲ್ಲ. ವಿದೇಶಿಯರನ್ನು ಒಳಗೆ ಬಿಟ್ಟುಕೊಳ್ಳುವ, ಹೊರಗೆ ಕಳಿಸುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಇದೆ; ಅದನ್ನು ನಾನು ಪ್ರಶ್ನಿಸುವುದಿಲ್ಲ. ನಾನು ಕೇಳುವುದು ಬೇರೆ. ಮನುಷ್ಯರ ಹಕ್ಕುಗಳ ಬಗ್ಗೆ ಜಗತ್ತಿನ ಮುಂದೆ ನಮ್ಮ ದೇಶ ಮಾತು ಕೊಟ್ಟು ಒಪ್ಪಿಕೊಂಡಿರುವ ಒಡಂಬಡಿಕೆಗಳು, ಇಂಥ ನೋಟಿಸಿಗೆ ಸಹಿ ಹಾಕುವ ಅಧಿಕಾರಿಯ ಮೇಜಿನವರೆಗೆ ಬಂದು ತಲುಪುತ್ತವೆಯೇ, ಅಥವಾ ದೆಹಲಿಯ ಕಪಾಟಿನಲ್ಲಿಯೇ ಉಳಿದುಬಿಡುತ್ತವೆಯೇ?

ಮೊದಲು ನಮ್ಮ ಕಾನೂನು ಎಷ್ಟು ಬಿಗಿಯಾಗಿದೆ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳು ಸಮಾನತೆಯ ಮತ್ತು ಜೀವ ಸ್ವಾತಂತ್ರ್ಯದ ರಕ್ಷಣೆಯನ್ನು ನಾಗರಿಕರಿಗೆ ಮಾತ್ರವಲ್ಲದೆ ಎಲ್ಲ ವ್ಯಕ್ತಿಗಳಿಗೂ ಕೊಡುತ್ತವೆ. ಆದರೆ ದೇಶದಲ್ಲಿ ಎಲ್ಲಿ ಬೇಕಾದರೂ ವಾಸಿಸುವ, ನೆಲಸುವ ಹಕ್ಕನ್ನು ಕೊಡುವ 19ನೆಯ ಅನುಚ್ಛೇದ ನಾಗರಿಕರಿಗಷ್ಟೇ ಮೀಸಲು. ಈ ಒಂದು ವ್ಯತ್ಯಾಸದ ಮೇಲೆಯೇ ವಿದೇಶಿಯರ ಬಗೆಗಿನ ನಮ್ಮ ತೀರ್ಪುಗಳೆಲ್ಲ ನಿಂತಿವೆ. ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ, 1955ರಲ್ಲಿಯೇ, ವಿದೇಶಿಯರನ್ನು ಹೊರಹಾಕುವ ವಿಷಯದಲ್ಲಿ ಕೇಂದ್ರ ಸರ್ಕಾರದ ವಿವೇಚನಾಧಿಕಾರ ಪೂರ್ಣವಾದದ್ದು, ಅದಕ್ಕೆ ಕಡಿವಾಣವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1937ರಿಂದ ಭಾರತದಲ್ಲಿದ್ದ ಲೂಯಿ ದೆ ರಾಟ್ ಎಂಬ ಬೆಲ್ಜಿಯಂ ಮೂಲದ ಪಾದ್ರಿ, ಇಷ್ಟು ವರ್ಷಗಳ ನಂತರ ತಮ್ಮನ್ನು ಕಳಿಸಬಾರದೆಂದು ಬೇಡಿಕೊಂಡಾಗಲೂ, 1991ರಲ್ಲಿ ಅದೇ ಮಾತನ್ನು ಎತ್ತಿಹಿಡಿಯಿತು. ಅಂಥವರಿಗೆ ತಮ್ಮ ಮಾತು ಹೇಳಿಕೊಳ್ಳುವ ಅವಕಾಶವನ್ನು ಹೇಗೆ ಕೊಡಬೇಕೆಂಬುದಕ್ಕೂ ಕಟ್ಟುನಿಟ್ಟಾದ ನಿಯಮವಿಲ್ಲ ಎಂದಿತು. 1946ರ ವಿದೇಶಿಯರ ಕಾಯ್ದೆಯೂ ಸೇರಿದಂತೆ ನಾಲ್ಕು ಹಳೆಯ ಕಾಯ್ದೆಗಳು ಈಗಿಲ್ಲ. ಅವುಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಪುಸ್ತಕ ಹೊಸದಾಯಿತು, ಆದರೆ ಅಧಿಕಾರದ ಸ್ವರೂಪ ಬದಲಾಗಲಿಲ್ಲ.

ಇನ್ನು ಒಡಂಬಡಿಕೆಗಳ ವಿಷಯ. ಒಡಂಬಡಿಕೆ ಮಾಡಿಕೊಳ್ಳುವುದು ಸರ್ಕಾರದ ಕೆಲಸ, ಕಾನೂನು ಮಾಡುವುದು ಸಂಸತ್ತಿನ ಕೆಲಸ. ಸರ್ಕಾರ ತಾನೊಬ್ಬನೇ ಸಹಿ ಹಾಕಿ ನೆಲದ ಕಾನೂನನ್ನು ಬದಲಿಸಲಾಗದು ಎಂಬ ತತ್ತ್ವವನ್ನು ನಾವು ಇಂಗ್ಲೆಂಡಿನಿಂದ ಪಡೆದುಕೊಂಡೆವು. 253ನೆಯ ಅನುಚ್ಛೇದ ಒಡಂಬಡಿಕೆಯನ್ನು ಜಾರಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. 51ನೆಯ ಅನುಚ್ಛೇದ ಅಂತರರಾಷ್ಟ್ರೀಯ ಕಾನೂನಿಗೂ ಒಡಂಬಡಿಕೆಯ ಬಾಧ್ಯತೆಗಳಿಗೂ ಗೌರವ ಬೆಳೆಸಲು ರಾಜ್ಯ ಯತ್ನಿಸಬೇಕು ಎನ್ನುತ್ತದೆ. ಆದರೆ ಅದು ನಿರ್ದೇಶಕ ತತ್ತ್ವ, ಅದನ್ನು ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಲಾಗದು. ಹೀಗೆ ಸರ್ಕಾರ ಹೊರಗೆ ಕೊಟ್ಟ ಮಾತಿಗೂ ಒಳಗೆ ನಡೆಸುವ ಕಾನೂನಿಗೂ ನಡುವೆ ಒಂದು ಹೊಸ್ತಿಲಿದೆ.

ಆ ಹೊಸ್ತಿಲು ಎಷ್ಟು ಎತ್ತರದ್ದೆಂದು ತಿಳಿಯಬೇಕಾದರೆ ಗೋವಾದ ಒಂದು ಪ್ರಕರಣವನ್ನು ನೋಡಬೇಕು. ಕಳೆದ ವರ್ಷ ಪರ್ವರಿಯ ಹೈಕೋರ್ಟ್ ಪೀಠದಲ್ಲಿ ಬೇರೊಂದು ಕೆಲಸವಿದ್ದಾಗ, ಪುಣೆಯಿಂದ ಹೊರಟ ರಾತ್ರಿ ಬಸ್ಸಿನಲ್ಲಿ ಆ ತೀರ್ಪನ್ನು ಪೂರ್ತಿಯಾಗಿ ಓದಿದೆ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ನಂತರ, 1962ರ ಪೌರತ್ವ ಆದೇಶ ಅಲ್ಲಿ ಹುಟ್ಟಿದವರನ್ನೆಲ್ಲ ಭಾರತದ ನಾಗರಿಕರೆಂದು ಪರಿಗಣಿಸಿತು. ಆದರೆ ಇಂತಿಷ್ಟು ಅವಧಿಯೊಳಗೆ ಬರೆದುಕೊಟ್ಟು ಹಳೆಯ ರಾಷ್ಟ್ರೀಯತೆಯನ್ನೇ ಉಳಿಸಿಕೊಳ್ಳುವ ಆಯ್ಕೆಯನ್ನೂ ಕೊಟ್ಟಿತು. ಮೊಂತೇರು ಎಂಬ ಕ್ರೈಸ್ತ ಧರ್ಮಗುರುಗಳು ಪೋರ್ಚುಗೀಸ್ ಪ್ರಜೆಯಾಗಿಯೇ ಉಳಿಯುವುದಾಗಿ ಬರೆದುಕೊಟ್ಟರು. ಅಲ್ಲಿಗೆ ತಮ್ಮದೇ ಊರಿನಲ್ಲಿ ಅವರು ವಿದೇಶಿಯರಾದರು. ಅವರಿಗೆ ಕೊಟ್ಟಿದ್ದ ಪರವಾನಗಿಯ ಅವಧಿ 1964ರಲ್ಲಿ ಮುಗಿಯಿತು. ಅವರು ವಿಸ್ತರಣೆಯನ್ನು ಕೇಳಲಿಲ್ಲ, ದೇಶವನ್ನೂ ಬಿಡಲಿಲ್ಲ. ವಿದೇಶಿಯರ ಕಾಯ್ದೆಯಡಿ ಮೊಕದ್ದಮೆ ನಡೆದು ಶಿಕ್ಷೆಯಾಯಿತು.

ಸುಪ್ರೀಂ ಕೋರ್ಟಿನಲ್ಲಿ ಅವರು ಹಿಡಿದದ್ದು ಒಡಂಬಡಿಕೆಯ ಆಸರೆಯನ್ನೇ. ವಶಪಡಿಸಿಕೊಂಡ ನೆಲದ ಜನರನ್ನು ಹೊರಗೆ ಸಾಗಿಸಬಾರದೆಂದು ನಾಲ್ಕನೆಯ ಜಿನೀವಾ ಒಪ್ಪಂದ ಹೇಳುತ್ತದೆ. ಆ ಒಪ್ಪಂದಗಳಿಗಾಗಿ ನಮ್ಮ ಸಂಸತ್ತು 1960ರಲ್ಲಿ ಒಂದು ಕಾಯ್ದೆಯನ್ನೂ ಮಾಡಿದೆ. ಹೀಗಿರುವಾಗ ತಮ್ಮನ್ನು ಕಳಿಸುವುದು ಹೇಗೆ ಎಂಬುದು ಅವರ ವಾದ. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ 1969ರಲ್ಲಿ ಅದನ್ನು ಒಪ್ಪಲಿಲ್ಲ. ಗೋವಾ ಭಾರತದಲ್ಲಿ ಸೇರಿಹೋದ ಮೇಲೆ ವಶದ ಸ್ಥಿತಿಯೇ ಮುಗಿಯಿತು ಎಂಬುದು ಒಂದು ಕಾರಣ. ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು ಇನ್ನೊಂದು: 1960ರ ಕಾಯ್ದೆ ಒಪ್ಪಂದದ ಉಲ್ಲಂಘನೆಗಳಿಗೆ ಶಿಕ್ಷೆಯನ್ನು ವಿಧಿಸುತ್ತದೆಯೇ ಹೊರತು, ಸರ್ಕಾರದ ವಿರುದ್ಧ ಆ ಒಪ್ಪಂದವನ್ನು ಜಾರಿಗೊಳಿಸಿಕೊಳ್ಳುವ ಹಕ್ಕನ್ನು ಯಾವ ವ್ಯಕ್ತಿಗೂ ಕೊಡುವುದಿಲ್ಲ ಎಂದು ಕೋರ್ಟ್ ಹೇಳಿತು. ಸಂಸತ್ತು ಕಾಯ್ದೆ ಮಾಡಿದ ಒಪ್ಪಂದದ ಗತಿಯೇ ಹೀಗಾದರೆ, ಕಾಯ್ದೆಯನ್ನೇ ಮಾಡದ ಒಡಂಬಡಿಕೆಗಳ ಗತಿ ಏನು ಎಂದು ಯೋಚಿಸುತ್ತಾ, ಕಣಕುಂಬಿಯ ಹತ್ತಿರದ ತಿರುವುಗಳಲ್ಲಿ ಬಸ್ಸು ಹೊರಳುವಾಗ ನಾನು ಕಣ್ಣು ಮುಚ್ಚಿದ್ದು ನೆನಪಿದೆ.

ಆದರೂ ಆ ಬಾಗಿಲು ಪೂರ್ತಿಯಾಗಿ ಮುಚ್ಚಿಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕಬಾರದೆಂಬ ಅಂತರರಾಷ್ಟ್ರೀಯ ಒಡಂಬಡಿಕೆಯ ಮಾತು ನೇರವಾಗಿ ನಮ್ಮ ಕಾನೂನಲ್ಲವೆಂದು ಒಪ್ಪುತ್ತಲೇ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಮನ್ನು ಅದರ ಬೆಳಕಿನಲ್ಲಿ ಓದಿದರು. ದುಡಿಯುವ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಕಿರುಕುಳದ ಬಗ್ಗೆ ಕಾಯ್ದೆಯೇ ಇಲ್ಲದಿದ್ದಾಗ, 1997ರ ವಿಶಾಖಾ ತೀರ್ಪು ಮಹಿಳೆಯರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಆಧಾರದಿಂದಲೇ ನಿಯಮಗಳನ್ನು ರೂಪಿಸಿತು. ವಲಸೆಯ ವಿಷಯದಲ್ಲಿಯೂ, ಇರಾಕಿನಿಂದ ಬಂದಿದ್ದ ನಿರಾಶ್ರಿತರ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್, ಮ್ಯಾನ್ಮಾರಿನಿಂದ ಬಂದವರ ಪ್ರಕರಣದಲ್ಲಿ 2021ರ ಮೇ ತಿಂಗಳಲ್ಲಿ ಮಣಿಪುರ ಹೈಕೋರ್ಟ್, ಜೀವಕ್ಕೆ ಅಪಾಯವಿರುವ ಕಡೆಗೆ ಯಾರನ್ನೂ ಮರಳಿ ತಳ್ಳಬಾರದೆಂಬ ತತ್ತ್ವವನ್ನು 21ನೆಯ ಅನುಚ್ಛೇದದೊಳಗೇ ಕಂಡವು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸೇರಿಲ್ಲ ಎಂಬುದು ಆ ಎರಡು ಕೋರ್ಟುಗಳಿಗೆ ಅಡ್ಡಿಯಾಗಲಿಲ್ಲ. ಮಣಿಪುರದ ತೀರ್ಪಿಗೆ ಒಂದು ತಿಂಗಳು ಮೊದಲಷ್ಟೇ, ಜಮ್ಮುವಿನಲ್ಲಿದ್ದ ರೋಹಿಂಗ್ಯಾಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡಿಪಾರಾಗದೆ ಇರುವ ಹಕ್ಕು ನಾಗರಿಕರಿಗೆ ಮಾತ್ರ ಇರುವ ವಾಸದ ಹಕ್ಕಿಗೆ ಹೊಂದಿಕೊಂಡದ್ದು ಎಂದಿತ್ತು. ಜೊತೆಗೆ ನಿಗದಿತ ವಿಧಾನವನ್ನು ಅನುಸರಿಸದೆ ಅವರನ್ನು ಕಳಿಸಕೂಡದೆಂದೂ ಹೇಳಿತ್ತು. ನಮ್ಮ ಕಾನೂನು ಸದ್ಯಕ್ಕೆ ನಿಂತಿರುವುದು ಇಲ್ಲಿ, ಸ್ವಲ್ಪ ಇಕ್ಕಟ್ಟಿನ ಜಾಗದಲ್ಲಿ.

ಆ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಮತ್ತೆ ಎರಡು ಒಡಂಬಡಿಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಮೊದಲನೆಯದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ. ಅದರ 13ನೆಯ ವಿಧಿ, ಕಾನೂನುಬದ್ಧವಾಗಿ ದೇಶದೊಳಗೆ ಇರುವ ವಿದೇಶಿಯನನ್ನು ಹೊರಹಾಕುವ ಮೊದಲು ಕಾನೂನಿನಂತೆ ತೀರ್ಮಾನವಾಗಬೇಕು, ರಾಷ್ಟ್ರೀಯ ಭದ್ರತೆಯ ಬಲವಾದ ಕಾರಣಗಳಿಲ್ಲದಿದ್ದರೆ ಅವನ ಮಾತನ್ನು ಕೇಳಬೇಕು, ಆ ತೀರ್ಮಾನವನ್ನು ಮರುಪರಿಶೀಲಿಸುವ ಅವಕಾಶವಿರಬೇಕು ಎನ್ನುತ್ತದೆ. ಭಾರತ 1979ರ ಏಪ್ರಿಲ್ 10ರಂದು ಈ ಒಡಂಬಡಿಕೆಗೆ ಸೇರಿತು. ಸೇರುವಾಗಲೇ 13ನೆಯ ವಿಧಿಗೆ ಸಂಬಂಧಿಸಿದಂತೆ, ವಿದೇಶಿಯರ ಕುರಿತ ತನ್ನ ಕಾನೂನನ್ನು ಅನ್ವಯಿಸುವ ಹಕ್ಕನ್ನು ತಾನು ಕಾಯ್ದಿರಿಸಿಕೊಳ್ಳುವುದಾಗಿ ಬರೆದುಕೊಟ್ಟಿತು. ಸರ್ಕಾರದ ವಕೀಲರು ಈ ಒಂದು ಸಾಲನ್ನು ಓದಿ ಕುಳಿತುಬಿಟ್ಟರೆ, ಗಂಡನ ಪರವಾಗಿ ಆ ಒಡಂಬಡಿಕೆಯಿಂದ ನಾನು ಹೆಚ್ಚಿನದನ್ನು ಪಡೆಯಲಾರೆ.

ಎರಡನೆಯದು ಮಕ್ಕಳ ಹಕ್ಕುಗಳ ಒಡಂಬಡಿಕೆ. ಭಾರತ ಅದಕ್ಕೆ ಸೇರಿದ್ದು 1992ರ ಡಿಸೆಂಬರ್ 11ರಂದು. ಮಕ್ಕಳಿಗೆ ಸಂಬಂಧಿಸಿದ ಯಾವುದೇ ಕ್ರಮದಲ್ಲಿ, ಅದನ್ನು ಕೈಗೊಳ್ಳುವುದು ಕೋರ್ಟಾಗಿರಲಿ ಆಡಳಿತ ಕಚೇರಿಯಾಗಿರಲಿ, ಮಗುವಿನ ಹಿತ ಪ್ರಧಾನವಾಗಿ ಪರಿಗಣಿಸಬೇಕಾದ ಅಂಶ ಎಂದು ಅದರ 3ನೆಯ ವಿಧಿ ಹೇಳುತ್ತದೆ. ತಂದೆ ತಾಯಿಯರಿಂದ ಮಗುವನ್ನು ಅಗಲಿಸುವ ಕುರಿತ 9ನೆಯ ವಿಧಿಯಲ್ಲಿ, ಅಂಥ ಅಗಲಿಕೆಗೆ ಸರ್ಕಾರವೇ ಕಾರಣವಾಗುವ ಸಂದರ್ಭಗಳ ಪಟ್ಟಿಯಲ್ಲಿ ಸೆರೆವಾಸದ ಜೊತೆಗೆ ಗಡಿಪಾರಿನ ಹೆಸರೂ ಇದೆ. ಭಾರತ ಈ ಒಡಂಬಡಿಕೆಗೆ ಸೇರುವಾಗಲೂ ಒಂದು ಘೋಷಣೆ ಮಾಡಿತು; ಆದರೆ ಅದು ಬಾಲಕಾರ್ಮಿಕರ ಕುರಿತ 32ನೆಯ ವಿಧಿಗೆ ಮಾತ್ರ ಸಂಬಂಧಿಸಿದ್ದು. 3ನೆಯ ವಿಧಿಯ ಬಗ್ಗೆಯಾಗಲಿ 9ನೆಯ ವಿಧಿಯ ಬಗ್ಗೆಯಾಗಲಿ ನಾವು ಏನನ್ನೂ ಕಾಯ್ದಿರಿಸಿಕೊಂಡಿಲ್ಲ.

ಅಂದರೆ, ವಿದೇಶಿಯನ ವಿಷಯದಲ್ಲಿ ನಮ್ಮ ಕೈ ಬಿಡುವಾಗಿರಲಿ ಎಂದು 1979ರಲ್ಲಿ ಯೋಚಿಸಿ ಬರೆದ ಅದೇ ದೇಶ, 1992ರಲ್ಲಿ ಮಗುವಿನ ವಿಷಯದಲ್ಲಿ ಹಾಗೆ ಬರೆಯಲಿಲ್ಲ. ಇದನ್ನು ಮರೆವೆಂದು ನಾನು ನಂಬುವುದಿಲ್ಲ. ಈ ಪ್ರಕರಣದಲ್ಲಿಯಂತೂ ಮಗು ವಿದೇಶಿಯಳೇ ಅಲ್ಲ. 2004ರ ಡಿಸೆಂಬರಿನ ನಂತರ ಭಾರತದಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರು ಭಾರತದ ನಾಗರಿಕರಾಗಿದ್ದು, ಇನ್ನೊಬ್ಬರು ಆ ಹೊತ್ತಿನಲ್ಲಿ ಅಕ್ರಮ ವಲಸಿಗರಾಗಿರದಿದ್ದರೆ, ಆ ಮಗು ಹುಟ್ಟಿನಿಂದಲೇ ಭಾರತದ ಪ್ರಜೆ ಎಂದು ಪೌರತ್ವ ಕಾಯ್ದೆಯ 3ನೆಯ ಕಲಂ ಹೇಳುತ್ತದೆ. ಈ ಹುಡುಗಿ ಹುಟ್ಟಿದಾಗ ತಂದೆಯ ವೀಸಾ ಚಾಲ್ತಿಯಲ್ಲಿತ್ತು. ಆದ್ದರಿಂದ 19ನೆಯ ಅನುಚ್ಛೇದದ ವಾಸದ ಹಕ್ಕು ತಂದೆಗೆ ಇಲ್ಲದಿದ್ದರೂ ಅವಳಿಗೆ ಪೂರ್ತಿಯಾಗಿ ಇದೆ. ಅಪ್ಪನ ಜೊತೆ ಹೋದರೆ ಅವಳು ತನ್ನ ದೇಶವನ್ನು ಬಿಡಬೇಕು, ಅಮ್ಮನ ಜೊತೆ ಉಳಿದರೆ ಅಪ್ಪನನ್ನು ಬಿಡಬೇಕು. ಇಂಥ ಆಯ್ಕೆಯನ್ನು ಒಬ್ಬ ಭಾರತೀಯ ಪ್ರಜೆಯ ಮುಂದೆ ಇಡುವ ಆದೇಶವನ್ನು ಬರೀ ವಿದೇಶಿಯನ ವಿಷಯವೆಂದು ಕರೆಯುವುದು ಸರಿಯಲ್ಲ.

ಸಂಸತ್ತೂ ಇಲ್ಲಿ ಮೌನವಾಗಿಲ್ಲ. ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ 2005ರ ಕಾಯ್ದೆ, ‘ಮಕ್ಕಳ ಹಕ್ಕು’ ಎಂಬ ಪದಕ್ಕೆ ಅರ್ಥ ಕೊಡುವಾಗ ಈ ಒಡಂಬಡಿಕೆಯ ಹಕ್ಕುಗಳನ್ನೇ ಒಳಗೊಳ್ಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪೀಠಿಕೆಯಲ್ಲಿ ಭಾರತ ಒಡಂಬಡಿಕೆಗೆ ಸೇರಿದ ದಿನಾಂಕವೇ ಅಚ್ಚಾಗಿದೆ. ಈ ಕಾಯ್ದೆಗಳು ವೀಸಾ ಕಚೇರಿಗಾಗಿ ಮಾಡಿದವಲ್ಲ ಎಂಬುದು ನನಗೆ ಗೊತ್ತು. ಆದರೆ ಗಂಡ ಹೆಂಡತಿ ಜಗಳವಾಡಿಕೊಂಡು ಕುಟುಂಬ ನ್ಯಾಯಾಲಯಕ್ಕೆ ಬಂದರೆ, ಮಗುವಿನ ಹಿತವೇ ಮೊದಲು ಎಂದು ನ್ಯಾಯಾಧೀಶರು ಮಗುವನ್ನು ಪಕ್ಕಕ್ಕೆ ಕರೆದು ಮಾತನಾಡಿಸುತ್ತಾರೆ. ಅನ್ಯೋನ್ಯವಾಗಿರುವ ಗಂಡ ಹೆಂಡತಿಯನ್ನು ಸರ್ಕಾರವೇ ಅಗಲಿಸುವಾಗ ಮಗುವಿನ ಹೆಸರನ್ನು ಕೂಡ ಯಾರೂ ಬರೆಯುವುದಿಲ್ಲ. ಈ ಅಂತರಕ್ಕೆ ಸಮರ್ಥನೆ ಏನೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ.

ಬೇರೆ ದೇಶಗಳ ಕೋರ್ಟುಗಳು ಇದೇ ಗಂಟನ್ನು ಬಿಡಿಸಲು ಹೆಣಗಿವೆ. ಅವುಗಳಲ್ಲಿ ಕೆನಡಾದ ಬೇಕರ್ ತೀರ್ಪನ್ನು ನಾನು ನನ್ನ ಕಿರಿಯ ವಕೀಲರಿಗೆಲ್ಲ ಓದಿಸುತ್ತೇನೆ. ಮೇವಿಸ್ ಬೇಕರ್ ಜಮೈಕಾದವರು. 1981ರಲ್ಲಿ ಪ್ರವಾಸಿಯಾಗಿ ಕೆನಡಾಕ್ಕೆ ಬಂದು, ಅವಧಿ ಮುಗಿದರೂ ಅಲ್ಲಿಯೇ ಉಳಿದು, 11 ವರ್ಷ ಪರರ ಮನೆಗಳಲ್ಲಿ ಇದ್ದುಕೊಂಡು ಕೆಲಸ ಮಾಡಿದರು. ಅಲ್ಲಿಯೇ ನಾಲ್ಕು ಮಕ್ಕಳನ್ನು ಹೆತ್ತರು. ಕೊನೆಯ ಬಾಣಂತನದ ನಂತರ ಅವರಿಗೆ ತೀವ್ರವಾದ ಮಾನಸಿಕ ಕಾಯಿಲೆಯಾಯಿತು. ಗಡಿಪಾರಿನ ಆದೇಶ ಬಂದಾಗ, ಮಾನವೀಯತೆಯ ಆಧಾರದ ಮೇಲೆ ಇರಲು ಬಿಡಿ ಎಂದು ಅರ್ಜಿ ಹಾಕಿಕೊಂಡರು. ಕಾರಣವಿಲ್ಲದ ಒಂದು ಪತ್ರದಲ್ಲಿ ಅದು ತಿರಸ್ಕೃತವಾಯಿತು. ಅವರ ವಕೀಲರು ಕಾರಣ ಕೇಳಿದಾಗ ಕೈಗೆ ಬಂದದ್ದು ಕೆಳಗಿನ ಅಧಿಕಾರಿಯೊಬ್ಬ ತೀರ್ಮಾನಕ್ಕೆ ಮುಂಚೆ ಬರೆದಿದ್ದ ಟಿಪ್ಪಣಿ. ಅದರಲ್ಲಿ ಆ ತಾಯಿಯ ಕಾಯಿಲೆಯ ಬಗ್ಗೆ, ಮಕ್ಕಳ ಸಂಖ್ಯೆಯ ಬಗ್ಗೆ, ಸರ್ಕಾರಕ್ಕೆ ಆಕೆ ಹೊರೆಯಾಗುವುದರ ಬಗ್ಗೆ ಸಿಡುಕಿನ ಮಾತುಗಳಿದ್ದವು. ಆ ಮಕ್ಕಳ ಗತಿ ಏನಾದೀತೆಂಬ ಆಲೋಚನೆ ಮಾತ್ರ ಇರಲಿಲ್ಲ.

1999ರ ಜುಲೈ 9ರಂದು ಕೆನಡಾದ ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಕೆನಡಾ ಒಪ್ಪಿಗೆ ಕೊಟ್ಟಿದ್ದರೂ ಅದನ್ನು ಅಲ್ಲಿನ ಸಂಸತ್ತು ಕಾನೂನಾಗಿ ಮಾಡಿರಲಿಲ್ಲ. ನಮ್ಮ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ನ್ಯಾಯಮೂರ್ತಿ ಲೊರೂ-ದುಬೆ ಅವರು ಬಹುಮತದ ಪರವಾಗಿ ಬರೆಯುತ್ತಾ, ಒಡಂಬಡಿಕೆ ನೇರವಾಗಿ ಅನ್ವಯಿಸದಿದ್ದರೂ ಅದರ ಮೌಲ್ಯಗಳು ಅಧಿಕಾರಿಯ ವಿವೇಚನೆಯನ್ನು ಅಳೆಯಲು ನೆರವಾಗುತ್ತವೆ ಎಂದರು. ಮಗುವಿನ ಹಿತವೇ ಯಾವಾಗಲೂ ಗೆಲ್ಲಬೇಕೆಂದು ಅವರು ಹೇಳಲಿಲ್ಲ. ಅಧಿಕಾರಿ ಅದಕ್ಕೆ ಕಣ್ಣು ತೆರೆದು, ಮನಸ್ಸು ಕೊಟ್ಟು, ತೂಕವಿಟ್ಟು ನೋಡಿರಬೇಕು, ಹಾಗೆ ನೋಡಿದ್ದು ಕಾಗದದ ಮೇಲೆ ಕಾಣಬೇಕು ಎಂದರು. ಇಬ್ಬರು ನ್ಯಾಯಮೂರ್ತಿಗಳು ಫಲಿತಾಂಶವನ್ನು ಒಪ್ಪಿದರೂ ಒಡಂಬಡಿಕೆಯ ಭಾಗವನ್ನು ಒಪ್ಪಲಿಲ್ಲ: ಸಂಸತ್ತು ಮುಂಬಾಗಿಲಿನಿಂದ ಬಿಟ್ಟುಕೊಳ್ಳದ್ದನ್ನು ಕೋರ್ಟು ಹಿತ್ತಿಲಿನಿಂದ ತಂದಂತಾಗುತ್ತದೆ ಎಂಬ ಅರ್ಥದ ಅವರ ಆತಂಕವನ್ನು ನಾನು ಗೌರವದಿಂದಲೇ ಓದುತ್ತೇನೆ. ಆದರೆ ಅಧಿಕಾರಿಯ ವಿವೇಚನೆ ಎಂಬುದು ಖಾಲಿ ಪಾತ್ರೆಯಲ್ಲ. ಅದರಲ್ಲಿ ಏನಾದರೊಂದು ತುಂಬಿಕೊಂಡೇ ಇರುತ್ತದೆ. ದೇಶ ಗಂಭೀರವಾಗಿ ಕೊಟ್ಟ ಮಾತು ಅದರಲ್ಲಿ ಇರಬಾರದೆಂದರೆ, ಬೇಕರ್ ಪ್ರಕರಣದ ಅಧಿಕಾರಿಯ ಸಿಡುಕು ಆ ಜಾಗದಲ್ಲಿ ಬಂದು ಕೂರುತ್ತದೆ.

ಆಸ್ಟ್ರೇಲಿಯಾದಲ್ಲಿ ಇದಕ್ಕೂ ನಾಲ್ಕು ವರ್ಷ ಮೊದಲು, 1995ರಲ್ಲಿ, ಮಲೇಷ್ಯಾದ ಟಿಯೋ ಎಂಬವರ ಪ್ರಕರಣದಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಇನ್ನೊಂದು ದಾರಿ ಹಿಡಿದಿತ್ತು: ಒಡಂಬಡಿಕೆಯನ್ನು ಒಪ್ಪಿದ ಸರ್ಕಾರ ಅದರಂತೆ ನಡೆದುಕೊಳ್ಳುತ್ತದೆ ಎಂಬ ನ್ಯಾಯಯುತ ನಿರೀಕ್ಷೆ ಜನರಲ್ಲಿ ಹುಟ್ಟುತ್ತದೆ, ಹಾಗೆ ನಡೆಯದಿದ್ದರೆ ಮೊದಲು ತಿಳಿಸಿ ಅವರ ಮಾತು ಕೇಳಬೇಕು ಎಂದಿತು. ತಿಂಗಳು ಕಳೆದು ಕೆಲವೇ ದಿನಗಳಲ್ಲಿ ಅಲ್ಲಿನ ಇಬ್ಬರು ಮಂತ್ರಿಗಳು, ಅಂಥ ನಿರೀಕ್ಷೆಯನ್ನು ಯಾರೂ ಇಟ್ಟುಕೊಳ್ಳಬಾರದು ಎಂದು ಹೇಳಿಕೆ ಹೊರಡಿಸಿದರು. ಅದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹೊರಗಿನವರ ಮುಂದೆ ಕೊಟ್ಟ ಮಾತನ್ನು ಮನೆಯವರು ನಂಬಬಾರದೆಂದು ಹೇಳುವ ಯಜಮಾನನಿಗೆ ಊರಿನಲ್ಲಿ ಯಾವ ಮರ್ಯಾದೆ ಸಿಕ್ಕೀತು?

ಈ ವಾದಕ್ಕೆ ನಾನು ಅತಿ ಹೆಚ್ಚು ಕೇಳಿರುವ ಆಕ್ಷೇಪವನ್ನು ಪುಣೆಯ ಒಬ್ಬ ಹಿರಿಯ ವಕೀಲರೇ ನನ್ನೆದುರು ಇಟ್ಟರು: ಹೀಗಾದರೆ ಪ್ರತಿಯೊಬ್ಬ ವಿದೇಶಿಯನೂ ಇಲ್ಲಿ ಮಗುವನ್ನು ಮಾಡಿಕೊಂಡು ಆ ಮಗುವನ್ನೇ ಗುರಾಣಿಯಂತೆ ಹಿಡಿಯುವುದಿಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ 2011ರಲ್ಲಿ ಬಂದ ತಾಂಜಾನಿಯಾದ ತಾಯಿಯೊಬ್ಬಳ ಪ್ರಕರಣದಲ್ಲಿ ಇದೇ ಇತ್ತು: ಆಕೆ ಆಶ್ರಯ ಕೋರಿ ಸುಳ್ಳು ಹೆಸರುಗಳಲ್ಲಿಯೂ ಅರ್ಜಿ ಹಾಕಿದ್ದವಳು. ಆದರೆ ಅವಳ ಇಬ್ಬರು ಮಕ್ಕಳು ಬ್ರಿಟಿಷ್ ಪ್ರಜೆಗಳು. ತಾಯಿಯ ತಪ್ಪನ್ನು ಮಕ್ಕಳ ತಲೆಗೆ ಕಟ್ಟಲಾಗದು, ಅವರ ಹಿತವನ್ನು ಮೊದಲು ನೋಡಿ, ಅದನ್ನು ಮೀರುವಷ್ಟು ಬಲ ಉಳಿದ ಕಾರಣಗಳಿಗೆ ಇದೆಯೇ ಎಂದು ಆಮೇಲೆ ತೂಗಬೇಕು ಎಂದು ನ್ಯಾಯಮೂರ್ತಿ ಲೇಡಿ ಹೇಲ್ ಬರೆದರು. ತೂಗುವುದು ಎಂದರೆ ಸೋಲುವುದಕ್ಕೂ ಅವಕಾಶವಿದೆ ಎಂದೇ ಅರ್ಥ. ಘೋರ ಅಪರಾಧ ಮಾಡಿದವನ ಪ್ರಕರಣದಲ್ಲಿ ತಕ್ಕಡಿ ಆ ಕಡೆಗೇ ಬಾಗಬಹುದು. ನನ್ನ ಕಕ್ಷಿದಾರರ ಗಂಡ ಮಾಡಿದ ತಪ್ಪು ಇಷ್ಟೇ: ಬಾಡಿಗೆ ಮನೆ ಬದಲಿಸಿದ್ದನ್ನು ಕಚೇರಿಗೆ ತಿಳಿಸಲು ಕೆಲವು ವಾರ ತಡಮಾಡಿದ್ದರು. ಅದು ತಪ್ಪೇ, ಮನವಿಯಲ್ಲಿ ಅದನ್ನು ಮುಚ್ಚಿಡದೆ ಮೊದಲ ಪುಟದಲ್ಲಿಯೇ ಬರೆದಿದ್ದೇನೆ. ನೋಟಿಸಿಗೆ ಅದೇ ಕಾರಣವೋ ಬೇರೆ ಏನಾದರೂ ಇದೆಯೋ ಎಂಬುದು ಮಾತ್ರ ಆ ಅರ್ಧ ಪುಟದಿಂದ ತಿಳಿಯುವಂತಿಲ್ಲ.

ಒಡಂಬಡಿಕೆಯ ಮಾತು ಕೊನೆಗೆ ಬಂದು ನಿಲ್ಲುವುದು ಕಾರಣ ಬರೆಯುವ ಈ ಸಾಧಾರಣ ಕೆಲಸದಲ್ಲಿ ಎಂದು ನಾನು ನಂಬಿದ್ದೇನೆ. ಒಬ್ಬ ಪ್ರಜೆಯ ಪಾಸ್‌ಪೋರ್ಟನ್ನು ‘ಸಾರ್ವಜನಿಕ ಹಿತ’ ಎಂಬೆರಡು ಪದಗಳಲ್ಲಿ ಮುಟ್ಟುಗೋಲು ಹಾಕಿ, ಕಾರಣ ಹೇಳಲು ಸರ್ಕಾರ ನಿರಾಕರಿಸಿದಾಗಲೇ 1978ರ ಮೇನಕಾ ಗಾಂಧಿ ತೀರ್ಪು ಹುಟ್ಟಿತು. 21ನೆಯ ಅನುಚ್ಛೇದದ ‘ವಿಧಾನ’ ನ್ಯಾಯವಾದದ್ದೂ ಸಮಂಜಸವಾದದ್ದೂ ಆಗಿರಬೇಕೆಂಬ ಮಾತು ನಮ್ಮ ಕಾನೂನಿನಲ್ಲಿ ಬೇರೂರಿತು. 2006ರಲ್ಲಿ ಹಸನ್ ಅಲಿ ರೈಹಾನಿ ಪ್ರಕರಣದಲ್ಲಿ, ಗಡಿಪಾರಿನ ಕಾರಣಗಳನ್ನು ಆ ವ್ಯಕ್ತಿಗೆ ತಿಳಿಸಿ ಅವರ ಉತ್ತರವನ್ನು ಪಡೆಯುವಂತೆ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಕಾರಣ ಬರೆಯಬೇಕಾಗಿ ಬಂದ ಅಧಿಕಾರಿ ಕಡತವನ್ನು ಓದಲೇಬೇಕಾಗುತ್ತದೆ. ಓದಿದರೆ ಮದುವೆಯ ಪ್ರಮಾಣಪತ್ರದ ಹಿಂದಿನ ಹಾಳೆಯಲ್ಲಿ ಒಂದು ಜನನ ಪ್ರಮಾಣಪತ್ರ ಸಿಗುತ್ತದೆ. 13ನೆಯ ವಿಧಿಯಿಂದ ನಾವು ಹೊರಗೆ ಉಳಿದಿದ್ದರೂ, 21ನೆಯ ಅನುಚ್ಛೇದ ನಮ್ಮದೇ. ಮಕ್ಕಳ ಒಡಂಬಡಿಕೆಗೆ ನಾವು ಕೊಟ್ಟ ಮಾತನ್ನು ಆ ‘ಸಮಂಜಸ ವಿಧಾನ’ದ ಒಳಗೆ ಓದುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಈ ಮಾತುಗಳು ಮುಂಬಯಿ, ಪುಣೆಯ ಕನ್ನಡಿಗರಿಗೆ ದೂರದವು ಎನ್ನಿಸಬಾರದು. ಊರು ಬಿಟ್ಟು ಬಂದು ಇನ್ನೊಂದು ನೆಲದಲ್ಲಿ ಬದುಕು ಕಟ್ಟುವುದೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಗಳ ಮುಂದಿನ ತಲೆಮಾರು ದುಬೈ, ಲಂಡನ್, ಟೊರಾಂಟೊಗಳಲ್ಲಿ ವೀಸಾದ ದಿನಾಂಕ ಎಣಿಸುತ್ತಿದೆ. ಅಲ್ಲಿ ಅವರ ಕಡತವನ್ನು ತೆರೆಯುವ ಅಧಿಕಾರಿ ಮಕ್ಕಳ ಹೆಸರು ಓದಲಿ ಎಂದು ನಾವು ಬಯಸುತ್ತೇವೆ. 1996ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬ್ರಿಟನ್ನಿನ ವಿರುದ್ಧ ಕೊಟ್ಟ ಚಹಲ್ ತೀರ್ಪು, ಚಿತ್ರಹಿಂಸೆಯ ಭಯವಿರುವಾಗ ಯಾರನ್ನೂ ಕಳಿಸಕೂಡದೆಂದು ಸಾರಿತು; ಅದರಿಂದ ರಕ್ಷಣೆ ಪಡೆದವರು ಒಬ್ಬ ಭಾರತೀಯ ಪ್ರಜೆ, ಅವರನ್ನು ಕಳಿಸಬೇಕೆಂದಿದ್ದ ದೇಶ ಭಾರತ. ಚಿತ್ರಹಿಂಸೆಯ ವಿರುದ್ಧದ ಒಡಂಬಡಿಕೆಗೆ ನಾವು 1997ರಲ್ಲಿ ಸಹಿ ಹಾಕಿದೆವು. ಅದನ್ನು ಇನ್ನೂ ಸ್ಥಿರೀಕರಿಸಿಲ್ಲ ಎಂಬುದನ್ನು ಇಲ್ಲಿ ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ.

ನಮ್ಮ ಮನವಿಯ ಮೇಲೆ ಆ ಕಚೇರಿ ದೇಶ ಬಿಡುವ ಗಡುವನ್ನು 60 ದಿನ ಮುಂದಕ್ಕೆ ಹಾಕಿ, ಖುದ್ದಾಗಿ ಬಂದು ಹೇಳಿಕೊಳ್ಳಲು ಒಂದು ದಿನಾಂಕವನ್ನು ಕೊಟ್ಟಿದೆ. ಅದಕ್ಕಾಗಿ ನಾನು ಆ ಅಧಿಕಾರಿಗೆ ಕೃತಜ್ಞಳು. ಅಲ್ಲಿ ನ್ಯಾಯ ಸಿಗದಿದ್ದರೆ ಮುಂಬಯಿಯ ಹೈಕೋರ್ಟಿಗೆ ರಿಟ್ ಅರ್ಜಿಯ ಕರಡು ಸಿದ್ಧವಿದೆ. ಕಳೆದ ಭಾನುವಾರ ದಂಪತಿಗಳು ಮಗಳನ್ನೂ ಕರೆದುಕೊಂಡು ದಾಖಲೆ ಜೋಡಿಸಲು ಬಂದಿದ್ದರು. ಮದುವೆಯ ಪ್ರಮಾಣಪತ್ರ, ಬಾಡಿಗೆ ಕರಾರು, ಶಾಲೆಯ ಶುಲ್ಕದ ರಸೀದಿಗಳನ್ನು ಸಾಲಾಗಿ ಇಡುತ್ತಿದ್ದಾಗ, ಹುಡುಗಿ ತನ್ನ ನೀಲಿ ಪಾಸ್‌ಪೋರ್ಟನ್ನು ತಾನೇ ತಂದು ನನ್ನ ಕೈಗೆ ಕೊಟ್ಟಳು. ಮೂರು ವರ್ಷದವಳಿದ್ದಾಗ ಮಾಡಿಸಿದ್ದು. ಫೋಟೊದಲ್ಲಿ ಕೆನ್ನೆ ಇನ್ನೂ ದುಂಡಗಿದೆ. ಅದರ ಕೊನೆಯ ಪುಟ ತಿರುವಿದೆ. ವಿಳಾಸದ ಮೇಲೆ, ತಂದೆಯ ಹೆಸರಿನ ಜಾಗದಲ್ಲಿ, ಭಾರತ ಗಣರಾಜ್ಯವೇ ಅಚ್ಚು ಹಾಕಿಸಿದ ಅಕ್ಷರಗಳಲ್ಲಿ, ನೋಟಿಸಿನಲ್ಲಿದ್ದ ಅದೇ ಹೆಸರು ಇತ್ತು.

"ಇದನ್ನೂ ಹಚ್ಚೋಣೇನ್ರಿ ಅಕ್ಕಾರ?" ಎಂದು ತಾಯಿ ಕೇಳಿದರು. ಆ ಪುಟದ ಪ್ರತಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಅನುಬಂಧ 1 ಎಂದು ಬರೆದು ಪುಟ ಸಂಖ್ಯೆ ಹಾಕಿದೆ. ವಿಚಾರಣೆ ಬರುವ ಬುಧವಾರ ಇದೆ.